ಡಾಕ್ರೇ ಕ್ಯಾಪ್ಟನ್ ಆಗಿದ್ದ ಬೇಸಿಗೆ

ಥಾರ್ಲಿ, ಇಂಗ್ಲೆಂಡ್
11 ಮೇ 1911

ಪ್ರೀತಿಯ ಹೆಸ್ಟರ್,

ಮೊದಲೇ ಹೇಳಿಬಿಡುತ್ತೇನೆ, ಗಾಬರಿ ಬೀಳಬೇಡ: ಹಡಗಿನ ಟಿಕೆಟ್ಟು ಜೇಬಿನಲ್ಲೇ ಇದೆ. ಜೂನ್ 15ಕ್ಕೆ ಹೊರಟರೆ ಜುಲೈ ನಡುವಿಗೆ ಪೆನಾಂಗಿನ ಬಂದರು ಕಟ್ಟೆಯ ಮೇಲೆ ನಿನ್ನೆದುರು ನಿಂತಿರುತ್ತೇನೆ. ನಿಮ್ಮಪ್ಪನ ಆಫೀಸಿನಲ್ಲಿ ನನಗಾಗಿ ಇಟ್ಟಿರುವ ಮೇಜಿನ ಧೂಳು ಒರೆಸಿಡೋಕೆ ಹೇಳು. ಆಮೇಲೆ ಮದುವೆಯ ದಿನ ನೀನೇ ಗೊತ್ತು ಮಾಡು, ನಾನು ಹೂಂ ಅನ್ನುತ್ತೇನೆ. ಹೂಂ ಅನ್ನೋದೊಂದು ನನಗೆ ಚೆನ್ನಾಗಿ ಬರುತ್ತೆ.

ಅದರಿಂದಲೇ ಒಂದು ತಮಾಷೆ ಆಯಿತು. ನಮ್ಮ ಕೌಂಟಿ ತಂಡದ ಕ್ಯಾಪ್ಟನ್ ವಾರ್ಡೆಲ್ ಕುದುರೆಯಿಂದ ಬಿದ್ದು ಹೆಗಲು ಮುರಿದುಕೊಂಡ. ಸೋಮವಾರ ಪಂದ್ಯ. ಶನಿವಾರ ಸಂಜೆ ಕಮಿಟಿಯ ಅಧ್ಯಕ್ಷ ಕರ್ನಲ್ ವಿನ್ಯಾಟ್ ನಮ್ಮನೆ ಬಾಗಿಲಿಗೇ ಬಂದುಬಿಟ್ಟರು. ಹತ್ತು ಜನ ಸಂಬಳದ ಆಟಗಾರರಿದ್ದಾರೆ, ಹವ್ಯಾಸಿ ಅನ್ನೋನು ಒಬ್ಬನೂ ಇಲ್ಲ. ಸಂಬಳದವನು ಎಷ್ಟೇ ನುರಿತವನಾಗಲಿ, ಕ್ಯಾಪ್ಟನ್ ಆಗೋ ಹಾಗಿಲ್ಲವಲ್ಲ. ಕಾಸು ಮುಟ್ಟದೆ ಆಡುವ ಮನೆತನಸ್ಥ ಬೇಕು. ಸುತ್ತ ಹದಿನೈದು ಮೈಲಿಗೆ ಸಿಕ್ಕ ಬಕರಾ ನಾನೊಬ್ಬನೇ.

"ಸಾರ್, ನಾನು ಕಾಲೇಜಿನಲ್ಲಿ ಎರಡನೇ ತಂಡಕ್ಕೆ ಆಡಿದವನು" ಅಂದೆ.

"ಯಾರಪ್ಪ ನಿನ್ನ ಆಡು ಅಂದಿದ್ದು? ಬಂದು ನಿಂತ್ಕೋ, ಸಾಕು. ಒಂದೇ ಪಂದ್ಯ" ಅಂದರು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಹೋಗಿ ನಿಂತೆ. ಹವ್ಯಾಸಿಗಳ ಕೋಣೆ ಮಹಡಿಯ ಮೇಲೆ. ಬಟ್ಟೆ ನೇತುಹಾಕೋಕೆ ಇಪ್ಪತ್ತು ಗೂಟ, ಚರ್ಮದ ಸೋಫಾ, ಆಳೆತ್ತರದ ಕನ್ನಡಿ, ಮಧ್ಯೆ ನಾನೊಬ್ಬ. ಉಳಿದ ಹತ್ತು ಜನ ಕೆಳಗಿನ ಉಗ್ರಾಣದಂಥ ಕೋಣೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದದ್ದು ನೆಲದ ಹಲಗೆಯ ಮೂಲಕ ಕೇಳುತ್ತಿತ್ತು. ಊಟಕ್ಕೂ ನಾನೊಬ್ಬನೇ. ತಣ್ಣನೆ ಮಾಂಸ, ಮೇಜಿನ ತುಂಬ ತಟ್ಟೆ.

ಮೈದಾನದಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕೋ ದೇವರಾಣೆ ಗೊತ್ತಿರಲಿಲ್ಲ. ಸ್ಲಿಪ್ಪಿನಲ್ಲಿ ಡಾಕ್ರೇ ಅಂತ ಹಿರಿಯ ಸಂಬಳದ ಆಟಗಾರ, ವಯಸ್ಸು ನಲವತ್ತನಾಲ್ಕು. ಮೊದಲ ಓವರ್ ಮುಗಿದು ಪಕ್ಕದಲ್ಲಿ ಹಾದು ಹೋಗುವಾಗ ತುಟಿ ಅಲ್ಲಾಡಿಸದೆ ಹೇಳಿದ: "ಸ್ವಾಮಿ, ನನ್ನ ಕಡೆ ತಿರುಗಬೇಡಿ, ಜನ ನೋಡ್ತಾರೆ. ಸಂಬಳದವನು ಕ್ಯಾಪ್ಟನ್‌ಗೆ ಹೇಳಿಕೊಡೋದು ಚೆನ್ನಾಗಿರಲ್ಲ. ನಾನು ಟೋಪಿ ತೆಗೆದ್ರೆ ಬೌಲರ್ ಬದಲಾಯಿಸಿ. ಮೂಗು ಉಜ್ಜಿದ್ರೆ ಫೀಲ್ಡರನ್ನ ಹಿಂದಕ್ಕೆ ಕಳಿಸಿ. ಸೊಂಟದ ಮೇಲೆ ಕೈ ಇಟ್ರೆ ಹತ್ತಿರ ಕರೀರಿ. ಇಷ್ಟು ಸಾಕು."

ಗೆದ್ದೆವು ಹೆಸ್ಟರ್! ನನ್ನ ರನ್ನು ಸೊನ್ನೆ ಮತ್ತು ನಾಲ್ಕು. ನಿಮ್ಮಪ್ಪನಿಗೆ ಹೇಳು, ನಗಲಿ.

ನಿನ್ನ
ಗಿಲ್ಬರ್ಟ್


ಥಾರ್ಲಿ
1 ಜೂನ್ 1911

ಹೆಸ್ಟರ್,

ಬೈಯುವ ಮೊದಲು ಪೂರ್ತಿ ಓದು. 15ರ ಹಡಗಿಗೆ ಬರೋಕೆ ಆಗುತ್ತಿಲ್ಲ. ಜುಲೈ 13ರದಕ್ಕೆ ಬದಲಾಯಿಸಿದ್ದೇನೆ.

ವಾರ್ಡೆಲ್‌ನ ಮೂಳೆ ಕೂಡಿಲ್ಲ. ನಾಲ್ಕು ಪಂದ್ಯ ಆದವು, ಮೂರು ಗೆದ್ದೆವು. ಹನ್ನೊಂದು ವರ್ಷದಿಂದ ಪಟ್ಟಿಯ ತಳದಲ್ಲಿ ಕೂತಿದ್ದ ತಂಡ ಕಣೇ ಇದು! ಪತ್ರಿಕೆಯವರು "ಯುವ ಕ್ಯಾಪ್ಟನ್‌ನ ಚುರುಕು ಬುದ್ಧಿ" ಅಂತ ಬರೆದಿದ್ದಾರೆ. ಡಾಕ್ರೇ ಮೂಗು ಉಜ್ಜುತ್ತಾನೆ, ನಾನು ಕೈ ಬೀಸುತ್ತೇನೆ, ಚುರುಕು ಬುದ್ಧಿ ನನ್ನದು.

ಮನಸ್ಸಿಗೆ ಹಿಂಸೆಯಾಗಿ ಮೊನ್ನೆ ಕರ್ನಲ್ ಹತ್ತಿರ ಹೋಗಿ ಬಾಯಿಬಿಟ್ಟೆ. "ಸಾರ್, ನನಗೆ ಏನೂ ಗೊತ್ತಿಲ್ಲ. ಎಲ್ಲ ಡಾಕ್ರೇ ಮಾಡಿದ್ದು. ಅವನ ಸನ್ನೆ ನೋಡಿ ನಾನು ಕುಣೀತೀನಿ."

ಅವರು ನನ್ನ ಮುಖವನ್ನೇ ನೋಡಿದರು. ಕಣ್ಣಲ್ಲಿ ನೀರು ಬಂತು, ನಿಜವಾಗಲೂ. ಬೆನ್ನ ಮೇಲೆ ಗುದ್ದಿದರು. "ಇದಪ್ಪಾ ದೊಡ್ಡಗುಣ! ಗೆಲುವನ್ನ ಆಳಿನ ತಲೆಗೆ ಕಟ್ಟೋನು ನಿಜವಾದ ಕ್ಯಾಪ್ಟನ್!" ಅಂದರು. ಮಾರನೆಯ ದಿನ ಅದೂ ಪತ್ರಿಕೆಯಲ್ಲಿ ಬಂತು. ಇನ್ನೇನು ಹೇಳಲಿ? ನಿಜ ಹೇಳಿದ್ದೇ ತಪ್ಪಾಯಿತು. ಹೊಗಳಿ ಹೊಗಳಿ ಅಟ್ಟಕ್ಕೇರಿಸಿ ಏಣಿ ತೆಗೆದುಬಿಟ್ಟಿದ್ದಾರೆ.

ಈ ಸಲ ಬಿಸಿಲೋ ಬಿಸಿಲು. ರೈಲಿನಲ್ಲಿ ಮೊದಲ ದರ್ಜೆಯ ಡಬ್ಬಿಯಲ್ಲಿ ನಾನೊಬ್ಬನೇ ಬೇಯುತ್ತೇನೆ. ಅವರೆಲ್ಲ ಮೂರನೇ ದರ್ಜೆಯಲ್ಲಿ ಇಸ್ಪೀಟು ಆಡುತ್ತಾರೆ. ನಿಲ್ದಾಣದಲ್ಲಿ ಇಳಿದು ಅವರ ಕಿಟಕಿ ಹತ್ತಿರ ಹೋದೆನೋ, ಎಲ್ಲರೂ ಎದ್ದು ನಿಂತುಬಿಡುತ್ತಾರೆ. ಆಟ ಕೆಡುತ್ತೆ ಅಂತ ಈಗ ಹೋಗೋದೇ ಬಿಟ್ಟಿದ್ದೇನೆ.

ಜುಲೈ 13. ಖಂಡಿತ.

ನಿನ್ನ
ಗಿಲ್ಬರ್ಟ್


ಪೆನಾಂಗ್
8 ಜೂನ್ 1911

ಪ್ರೀತಿಯ ಗಿಲ್ಬರ್ಟ್,

ನಿನ್ನ ಮೇ ತಿಂಗಳ ಕಾಗದ ಬಂತು. ಇದು ನೀನು ಓದಬಾರದ ಕಾಗದ. ಇದು ಅಲ್ಲಿಗೆ ಮುಟ್ಟೋ ಹೊತ್ತಿಗೆ ನೀನು ಹಡಗಿನಲ್ಲಿರಬೇಕು. ಹಾಗಾದರೆ ಯಾಕೆ ಬರೀತಿದ್ದೀಯ ಅಂದೆಯಾ? ನಿನ್ನ ನಾನು ಬಲ್ಲೆ ಕಣೋ, ಅದಕ್ಕೆ. "ಒಂದೇ ಪಂದ್ಯ" ಅಂದವರು ಎರಡನೇದಕ್ಕೂ ಕರೀತಾರೆ. ನೀನು ಮುಖ ನೋಡ್ತೀಯ, ಹೂಂ ಅಂತೀಯ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲವಂತೆ!

ಆದ್ದರಿಂದ, ನೀನು ಇದನ್ನ ಓದುತ್ತಾ ಇದ್ದರೆ, ಮಹಾನುಭಾವ, ಉಪಾಯ ಬಲು ಸುಲಭ. ಸೋತುಬಿಡು. ನಾಲ್ಕು ಪಂದ್ಯ ಸಾಲಾಗಿ ಸೋತರೆ ಅವರೇ ನಿನ್ನ ಹಡಗಿನವರೆಗೂ ಹೊತ್ತುಕೊಂಡು ಬರ್ತಾರೆ.

ಇಲ್ಲಿ ಡೂರಿಯನ್ ಹಣ್ಣಿನ ಕಾಲ, ಮನೆಯೆಲ್ಲ ಅದರದೇ ವಾಸನೆ. ಅಪ್ಪನಿಗೆ ಅದೆಂದರೆ ಪ್ರಾಣ, ನನಗೆ ತಲೆನೋವು. ನಿನ್ನ ಮೇಜನ್ನ ಗುಮಾಸ್ತ ಟಾನ್ ದಿನಾ ಒರೆಸ್ತಾನೆ. "ಯಾವಾಗ ಬರ್ತಾರೆ ಸಾಹೇಬ್ರು?" ಅಂತ ಕೇಳ್ತಾನೆ. ಕ್ಲಬ್ಬಿನ ಹೆಂಗಸರೂ ಅದನ್ನೇ ಕೇಳ್ತಾರೆ, ಆದರೆ ಟಾನ್ ಕೇಳಿದ ಹಾಗಲ್ಲ.

ಹೆಸ್ಟರ್


ಪೆನಾಂಗ್
30 ಜೂನ್ 1911

ಗಿಲ್ಬರ್ಟ್,

ನಿನ್ನ ಜೂನ್ ಒಂದರ ಕಾಗದ ಬಂತು. ಪೂರ್ತಿ ಓದಿದೆ, ನೀನು ಹೇಳಿದ ಹಾಗೆ. ಈಗ ಬೈತೀನಿ.

ಲಂಡನ್ನಿನ ಪತ್ರಿಕೆ ಈ ಊರಿಗೂ ಬರುತ್ತೆ ಅನ್ನೋದು ಮರೆತೆಯಾ? ಕ್ಲಬ್ಬಿನಲ್ಲಿ ನಿನ್ನ ಫೋಟೋ ಇರೋ ಹಾಳೆ ಕೈಯಿಂದ ಕೈಗೆ ಓಡಾಡಿತು. ಬಿಳೀ ಟೋಪಿ, ನಗು. ಸಿಕ್ಕಿಹಾಕಿಕೊಂಡವನ ಮುಖ ಅಲ್ಲ ಕಣೋ ಅದು. ನಿನಗೆ ಅಲ್ಲೇ ಹಿತವಾಗಿದೆ, ಹಾಗಂತ ಹೇಳೋ ಧೈರ್ಯ ಇಲ್ಲ, ಅಷ್ಟೇ. ಸನ್ನೆ ಮಾಡೋ ಆ ಮುದುಕನೇ ನಿನ್ನ ಜೈಲರ್. ನಿನಗೆ ಅದು ಗೊತ್ತೂ ಇಲ್ಲ.

ನೀನು ಕರ್ನಲ್‌ಗೆ ಇಲ್ಲ ಅನ್ನಲ್ಲ, ಪತ್ರಿಕೆಯವನಿಗೆ ಇಲ್ಲ ಅನ್ನಲ್ಲ. ಜಗತ್ತಿನಲ್ಲಿ ನೀನು ಇಲ್ಲ ಅನ್ನೋದು ನನಗೊಬ್ಬಳಿಗೆ.

ಅಪ್ಪ ನಿನ್ನೆ ಊಟದ ಮೇಜಿನಲ್ಲಿ ಹೇಳಿದ್ದನ್ನ ಹಾಗೇ ಬರೀತೀನಿ: "ಅಕ್ಟೋಬರ್ ಒಂದಕ್ಕೆ ಆ ಮೇಜಿನಲ್ಲಿ ಯಾರಾದ್ರೂ ಕೂತಿರಬೇಕು. ಅವನಾದ್ರೂ ಸರಿ, ಬೇರೆಯವನಾದ್ರೂ ಸರಿ. ಮೇಜಿಲ್ಲದವನಿಗೆ ಮಗಳನ್ನ ಕೊಡೋ ಪದ್ಧತಿ ನಮ್ಮನೇಲಿ ಇಲ್ಲ." ಲೆಕ್ಕ ಹಾಕಿದ್ದೀನಿ. ಆಗಸ್ಟ್ 24ರ ಹಡಗೇ ಕೊನೆ. ಅದರ ಮುಂದಿನದು ಹದಿನೈದು ದಿನಕ್ಕೆ, ಅದು ಇಲ್ಲಿಗೆ ಮುಟ್ಟೋ ಹೊತ್ತಿಗೆ ಗಡುವು ಮುಗಿದಿರುತ್ತೆ.

ನಾನು ಇನ್ನು ಬರೆಯಲ್ಲ. ನೀನೇ ಬಾ, ಇಲ್ಲಾ ಬರಬೇಡ.

ಹೆಸ್ಟರ್


ಥಾರ್ಲಿ
16 ಜುಲೈ 1911

ಪ್ರೀತಿಯ ಹೆಸ್ಟರ್,

13ರ ಹಡಗು ಹೋಯಿತು. ನಾನು ಹತ್ತಲಿಲ್ಲ, ಕರ್ನಲ್ ಎದುರು ಮತ್ತೆ ಹೂಂ ಅಂದುಬಿಟ್ಟಿದ್ದೆ. ನಿನ್ನ ಜೂನ್ 8ರ ಕಾಗದ ಕೈ ಸೇರಿದ್ದೇ ಈ ತಿಂಗಳು ಐದಕ್ಕೆ. "ಓದಬಾರದ ಕಾಗದ"ವನ್ನ ಓದಿ ನಗುತ್ತಾ ಸೋಫಾ ಮೇಲೆ ಹೊರಳಾಡಿದೆ. ಆಮೇಲೆ ಅಯ್ಯೋ, ನಿಜವೇ ಅಲ್ಲವಾ ಅನ್ನಿಸಿತು. ಸೋಲೋದು! ನನಗೆ ಸಹಜವಾಗಿ ಬರೋ ವಿದ್ಯೆ.

ಗುರುವಾರದ ಪಂದ್ಯದಲ್ಲಿ ಶುರು ಮಾಡಿದೆ. ಡಾಕ್ರೇ ಏನು ಸನ್ನೆ ಮಾಡಿದರೂ ಅದಕ್ಕೆ ಉಲ್ಟಾ. ಮೂಗು ಉಜ್ಜಿದ, ಹತ್ತಿರ ಕರೆದೆ. ಸೊಂಟದ ಮೇಲೆ ಕೈ ಇಟ್ಟ, ಹಿಂದಕ್ಕೆ ಕಳಿಸಿದೆ. ಟೋಪಿ ತೆಗೆದ, ಅದೇ ಬೌಲರನ್ನ ದುಡಿಸಿದೆ. ಟೋಪಿ ಹಾಕಿಕೊಂಡೇ ಇದ್ದ, ಬೌಲರನ್ನ ಬದಲಾಯಿಸಿದೆ.

ಹೆಸ್ಟರ್, ಇನ್ನಿಂಗ್ಸ್ ಗೆಲುವು. ಹಿಂದೆಂದೂ ಇಷ್ಟು ದೊಡ್ಡದಾಗಿ ಗೆದ್ದಿರಲಿಲ್ಲ.

ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ಡಾಕ್ರೇ ಬಂದು ನಿಂತ, ಟೋಪಿ ಕೈಯಲ್ಲಿ. ಹೊಸಿಲು ದಾಟಲಿಲ್ಲ, ಯಾವತ್ತೂ ದಾಟಲ್ಲ.

"ಸ್ವಾಮಿ, ಮೂರು ದಿನದಿಂದ ನಾನು ಹೇಳಿದ್ದಕ್ಕೆಲ್ಲ ಉಲ್ಟಾ ಮಾಡ್ತಿದ್ದೀರ."

ನಾನು ಎದ್ದು ನಿಂತೆ. "ಡಾಕ್ರೇ, ಅದು..."

"ಪರವಾಗಿಲ್ಲ ಸ್ವಾಮಿ. ಎರಡನೇ ಓವರಿಗೇ ಗೊತ್ತಾಯ್ತು. ಆಗಿನಿಂದ ನಾನೂ ಉಲ್ಟಾನೇ ಹೇಳ್ತಾ ಬಂದೆ."

ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. "ನಿಮಗೆ ಹೋಗಬೇಕು ಅಂತ ಗೊತ್ತು. ಹುಡುಗಿ ಕಾಯ್ತಾ ಇದ್ದಾರಂತೆ. ಆದ್ರೂ ಒಂದು ಮಾತು ಹೇಳ್ತೀನಿ. ಇಪ್ಪತ್ತೆರಡು ವರ್ಷದಿಂದ ಈ ತಂಡದಲ್ಲಿದ್ದೀನಿ. ಏಳು ಜನ ಕ್ಯಾಪ್ಟನ್‌ಗಳನ್ನ ನೋಡಿದೆ. ಅವರು ತಪ್ಪು ಮಾಡೋದು ನನಗೆ ಮೊದಲೇ ಕಾಣ್ತಿತ್ತು. ಒಂದು ಸಲ ವಾರ್ಡೆಲ್ ಅವರಿಗೆ ಬಾಯಿಬಿಟ್ಟು ಹೇಳಿದೆ. ಆವತ್ತಿನಿಂದ ನನ್ನ ಬೌಂಡರಿ ಗೆರೆ ಹತ್ತಿರ ನಿಲ್ಲಿಸಿದ್ರು, ಎರಡು ವರ್ಷ. ನೀವು ಬಂದ ಮೇಲೇ ಸ್ಲಿಪ್ಪಿಗೆ ವಾಪಸ್ ಬಂದಿದ್ದು."

"ನೀನೇ ಕ್ಯಾಪ್ಟನ್ ಆಗಬೇಕಿತ್ತು ಕಣೋ" ಅಂದೆ.

"ಛೆ ಛೆ, ಏನು ಮಾತು ಅಂತ ಆಡ್ತೀರ ಸ್ವಾಮಿ! ಕ್ಯಾಪ್ಟನ್ ಅಂದ್ರೆ ದೊಡ್ಡ ಮನುಷ್ಯರೇ ಆಗಬೇಕು" ಅಂದ. ನನ್ನ ಮೇಲೆ ನಿಜವಾಗಲೂ ಸಿಟ್ಟು ಬಂದಿತ್ತು ಅವನಿಗೆ. ಟೋಪಿ ಹಾಕಿಕೊಂಡು, "ಒಂದು ಬೇಸಿಗೆ ನಡೀತಲ್ಲ, ಸಾಕು" ಅಂದು ಮೆಟ್ಟಿಲಿಳಿದು ಹೋದ.

ಅಡಕತ್ತರಿಯ ಬಾಯಿಗೆ ಸಿಕ್ಕಿದ್ದೇನೆ. ಒಂದು ಕಡೆ ನೀನು, ಇನ್ನೊಂದು ಕಡೆ ಅವನು. ಯಾವ ಕಡೆ ಹೊರಳಿದರೂ ಯಾರಿಗೋ ಪೆಟ್ಟು. ಏನು ಮಾಡಲಿ ಹೇಳು?

ನಿನ್ನ
ಗಿಲ್ಬರ್ಟ್


ಥಾರ್ಲಿ
29 ಜುಲೈ 1911

ಹೆಸ್ಟರ್,

ನಿನ್ನ ಜೂನ್ 30ರ ಕಾಗದ ಮೊನ್ನೆ ಬಂತು. ನಾಲ್ಕು ಸಲ ಓದಿದೆ. ನೀನು ಬರೆದದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ, ಫೋಟೋದ ವಿಷಯವೂ ಸೇರಿ. ಚಪ್ಪಾಳೆ ಕೇಳೋಕೆ ಹಿತವಾಗಿಯೇ ಇರುತ್ತೆ. ಪೆವಿಲಿಯನ್‌ಗೆ ವಾಪಸ್ ಬಂದು ಆ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಉಸಿರು ಕಟ್ಟುತ್ತೆ.

ಆಗಸ್ಟ್ 24ರ ಹಡಗಿನ ಟಿಕೆಟ್ಟು ತಗೊಂಡೆ. ಕರ್ನಲ್‌ಗೂ ಕಮಿಟಿಗೂ ಹೇಳಿದ್ದೇನೆ. ಎಲ್ಲ ಮುಗಿಯಿತು.

ನೀನು ಬರೆಯಲ್ಲ ಅಂದಿದ್ದೀಯ. ಬೇಡ, ಬರೀಬೇಡ. ನಾನೇ ಬರ್ತೀನಿ.

ಗಿಲ್ಬರ್ಟ್


ಪೆನಾಂಗ್
14 ಆಗಸ್ಟ್ 1911

ನನ್ನ ಗಿಲ್ಬರ್ಟ್,

ಬರೆಯಲ್ಲ ಅಂದವಳು ಬರೀತಿದ್ದೀನಿ, ನಾಚಿಕೆ ಇಲ್ಲದವಳು. ನಿನ್ನ ಜುಲೈ 16ರ ಕಾಗದ ಶನಿವಾರ ಬಂತು. ಉಲ್ಟಾ ಸನ್ನೆಯ ಕಾಗದ. ಓದ್ತಾ ಓದ್ತಾ ಜೋರಾಗಿ ನಕ್ಕುಬಿಟ್ಟೆ. ಅಪ್ಪ ಪತ್ರಿಕೆ ಕೆಳಗಿಟ್ಟು "ಏನದು?" ಅಂದರು. ಓದಿ ಹೇಳಿದೆ. ಅಮ್ಮ ಹೋದ ಮೇಲೆ ಅಪ್ಪ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ನಾನು ನೋಡಿರಲಿಲ್ಲ. ಆಮೇಲೆ ಡಾಕ್ರೇ ಬಾಗಿಲಲ್ಲಿ ನಿಂತು ಹೇಳಿದ್ದನ್ನ ಓದಿದೆ. ಅಪ್ಪ ಪತ್ರಿಕೆ ಮಡಚಿಟ್ಟರು. "ಟಾನ್ ನನ್ನ ಆಫೀಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾನೆ. ಅವನು ಮೂಗು ಉಜ್ಜಿದ್ದು ನಾನು ಯಾವತ್ತೂ ನೋಡಿಲ್ಲ" ಅಂದರು. ಎದ್ದು ಹೋದರು.

ಬೆಳಗ್ಗೆ ತಿಂಡಿ ತಿನ್ನುವಾಗ ಹೇಳಿದರು, "ಮೇಜು ಕ್ರಿಸ್‌ಮಸ್‌ವರೆಗೂ ಇರುತ್ತೆ. ಆ ಹುಡುಗ ಆಟ ಮುಗಿಸಿಕೊಂಡೇ ಬರಲಿ. ಅಂಥ ಆಳನ್ನ ನಡುನೀರಿನಲ್ಲಿ ಬಿಟ್ಟು ಬರೋನು ನನಗೆ ಬೇಡ."

ಕೇಳಿದೆಯಾ? ಕ್ರಿಸ್‌ಮಸ್! ಗಡುವು ಗಿಡುವು ಎಲ್ಲ ಮರೆತುಬಿಡು. ನಾನು ಆ ಮುದುಕನನ್ನ ಜೈಲರ್ ಅಂದಿದ್ದೆ. ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಅವರ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳು. ಯಾಕೆ ಅಂತ ಹೇಳಬೇಡ, ಸುಮ್ಮನೆ ಕೇಳು.

ತಂತಿ ಕಳಿಸೋಣ ಅಂದೆ. "ಅವಸರ ಏನಿದೆ? ಎರಡು ಹಡಗು ಬಿಟ್ಟೋನು ಮೂರನೇದು ಹತ್ತುತ್ತಾನಾ?" ಅಂದರು ಅಪ್ಪ. ನಿಜ ಅನ್ನಿಸಿತು, ನನಗೂ ನಗು ಬಂತು. ಜೂನಿನಲ್ಲಿ ಬಂದ ಸಿಟ್ಟು ಈಗ ಎಲ್ಲಿ ಹೋಯಿತೋ. ನಿಧಾನವಾಗಿ ಬಾ. ಗೆದ್ದು ಬಾ.

ನಿನ್ನ
ಹೆಸ್ಟರ್


ಹಡಗಿನಿಂದ, ಪೋರ್ಟ್ ಸೈದ್ ಹತ್ತಿರ
3 ಸೆಪ್ಟೆಂಬರ್ 1911

ಪ್ರೀತಿಯ ಹೆಸ್ಟರ್,

ಹೊರಟೆ. ಈ ಕಾಗದ ನಾಳೆ ಬಂದರಿನಲ್ಲಿ ಹಾಕುತ್ತೇನೆ. ನನಗಿಂತ ಮೊದಲು ಇದೇ ನಿನ್ನ ಮುಟ್ಟಿದರೆ ಒಳ್ಳೆಯದು. ಕೆಲವು ಮಾತು ಎದುರಿಗೆ ಹೇಳೋಕೆ ಆಗಲ್ಲ.

ಕಮಿಟಿಗೆ ಹೇಳಿದ್ದೇನೆ ಅಂತ ಬರೆದಿದ್ದೆನಲ್ಲ, ಸುಳ್ಳು. ಯಾರಿಗೂ ಹೇಳಿರಲಿಲ್ಲ. ಮೂರು ಸಲ ಕರ್ನಲ್ ಮನೆಗೆ ಹೋದೆ. ಮೂರು ಸಲವೂ ಅವರು ಕುಡಿಯೋಕೆ ಕೊಟ್ಟು ಮುಂದಿನ ಪಂದ್ಯದ ಮಾತು ತೆಗೆದರು, ಮೂರು ಸಲವೂ ಹೂಂಗುಟ್ಟಿ ಬಂದೆ. ಕೊನೆಗೆ ರಾಜೀನಾಮೆ ಬರೆದು ಕೋಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ, ಎಂಟು ದಿನ.

23ನೇ ತಾರೀಖು ಬುಧವಾರ ಸಂಜೆ ಪಂದ್ಯ ಮುಗಿಯಿತು. ಗೆದ್ದೆವು. ಮಾರನೆಯ ದಿನ ಹಡಗು. ಕೆಳಗೆ ಹುಡುಗರು ಹಾಡುತ್ತಿದ್ದರು. ನಾನು ಪೆಟ್ಟಿಗೆ ಕಟ್ಟುತ್ತಿದ್ದೆ. ಡಾಕ್ರೇ ಬಾಗಿಲಿಗೆ ಬಂದ, ಮುಖ ಅರಳಿತ್ತು. ಇನ್ನೆರಡು ಪಂದ್ಯ ಗೆದ್ದರೆ ಪಟ್ಟಿಯಲ್ಲಿ ಐದನೇ ಜಾಗವಂತೆ. ಕೌಂಟಿ ಹುಟ್ಟಿದ ಮೇಲೆ ಅಷ್ಟು ಮೇಲೆ ಹೋದದ್ದೇ ಇಲ್ಲವಂತೆ. ನಾಳೆಗೆ ಯಾರು ಮೊದಲು ಬೌಲ್ ಮಾಡಬೇಕು ಅಂತ ಹೇಳೋಕೆ ಬಂದಿದ್ದ.

"ಡಾಕ್ರೇ, ನಾಳೆ ನಾನಿರಲ್ಲ" ಅಂದೆ.

ಪೆಟ್ಟಿಗೆ ನೋಡಿದ. ನನ್ನ ನೋಡಿದ. "ಹಾಗಾದ್ರೆ ವಾರ್ಡೆಲ್ ಅವರು ಬರ್ತಾರೆ" ಅಂದ. "ಅವರ ಹೆಗಲು ಈಗ ಸರಿಯಾಗಿದೆ. ನನ್ನ ಮತ್ತೆ ಗೆರೆ ಹತ್ತಿರ ಕಳಿಸ್ತಾರೆ."

ನಾನು ಪೆಟ್ಟಿಗೆಯ ಬೆಲ್ಟು ಬಿಗಿಯುತ್ತಲೇ ಇದ್ದೆ.

"ಸ್ವಾಮಿ, ಎರಡೇ ಪಂದ್ಯ. ಆರು ದಿನ. ಇಪ್ಪತ್ತೆರಡು ವರ್ಷದಲ್ಲಿ ನಾನು ಯಾರನ್ನೂ ಏನೂ ಕೇಳಿದವನಲ್ಲ. ಈಗ ಕೇಳ್ತಿದ್ದೀನಿ. ಮುಂದಿನ ವರ್ಷ ನನ್ನ ಇಟ್ಕೊಳ್ಳಲ್ಲ, ಮೊಣಕಾಲು ಹೋಗಿದೆ. ಈ ಆರು ದಿನ ಕೊಡಿ."

"ಆಗಲ್ಲ ಡಾಕ್ರೇ" ಅಂದೆ.

ಎಷ್ಟು ಸಲೀಸಾಗಿ ಬಂತು ಅಂತೀಯ! ನಾಲ್ಕು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು. ಕರ್ನಲ್ ಎದುರು ಬೆವರಿಳಿಸಿದ ಮಾತು. ಅವನ ಎದುರು ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂದುಬಿಟ್ಟಿತು. ಯಾಕೆ ಅಂತ ಹತ್ತು ದಿನದಿಂದ ಹಡಗಿನಂಚಿನ ಈ ಕಂಬಿ ಹಿಡಿದುಕೊಂಡು ಯೋಚನೆ ಮಾಡ್ತಿದ್ದೀನಿ. ಅವನು ನನ್ನ ಸ್ವಾಮಿ ಅಂತಿದ್ದ, ಅದಕ್ಕೇ. ಬೇರೆ ಕಾರಣ ಇಲ್ಲ ಹೆಸ್ಟರ್.

ಅಲ್ಲಿಗೂ ನಿಲ್ಲಿಸಲಿಲ್ಲ ನಾನು. ಜೇಬಿನಿಂದ ರಾಜೀನಾಮೆ ತೆಗೆದು, "ಇದನ್ನ ಕರ್ನಲ್‌ಗೆ ಕೊಟ್ಟುಬಿಡ್ತೀಯಾ?" ಅಂದೆ.

ತಗೊಂಡ. ಟೋಪಿಯೊಳಗೆ ಇಟ್ಟುಕೊಂಡ. "ಆಗಲಿ ಸ್ವಾಮಿ. ಸಮುದ್ರದ ಮೇಲೆ ಹುಷಾರು" ಅಂದ. ಮೊದಲನೇ ಸಲ ಹೊಸಿಲು ದಾಟಿ ಒಳಗೆ ಬಂದ, ನನ್ನ ಪೆಟ್ಟಿಗೆ ಎತ್ತೋಕೆ. ಕುದುರೆಗಾಡಿಯವರೆಗೂ ಅವನೇ ಹೊತ್ತ, ಆ ಮೊಣಕಾಲಿನಲ್ಲಿ. ಬೇಡ ಅನ್ನಲಿಲ್ಲ ನಾನು.

ಅದು ನನ್ನ ಕ್ರಿಕೆಟ್ಟು, ಮುಗಿಯಿತು. ಬಿಡುಗಡೆ ಆಗಿದೆ ಅಂತ ದಿನಾ ಬೆಳಗ್ಗೆ ಎದ್ದು ಹೇಳಿಕೊಳ್ಳುತ್ತೇನೆ. ನಂಬಿಕೆ ಬರುತ್ತಿಲ್ಲ.

ಇವತ್ತು ಮಧ್ಯಾಹ್ನ ನಿಮ್ಮ ಕಡೆಯಿಂದ ಬರುತ್ತಿದ್ದ ಟಪಾಲು ಹಡಗು ಪಕ್ಕದಲ್ಲೇ ಹಾದುಹೋಯಿತು. ಎಲ್ಲರೂ ಟೋಪಿ ಬೀಸಿದರು. ನಾನೂ ಬೀಸಿದೆ.

ಒಂದೇ ಒಂದು ಮಾತು ಕೇಳುತ್ತೇನೆ. ಆ ಆರು ದಿನ ನಾನು ಉಳಿದಿದ್ದರೆ ನಿಮ್ಮಪ್ಪ ಖಂಡಿತ ಆ ಮೇಜನ್ನ ಬೇರೆಯವನಿಗೆ ಕೊಡುತ್ತಿದ್ದರು, ಅಲ್ಲವಾ? ನೀನೂ ಕೈ ಬಿಟ್ಟು ಹೋಗುತ್ತಿದ್ದೆ. ಬೇರೆ ದಾರಿಯೇ ಇರಲಿಲ್ಲ. ಹೌದು ಅನ್ನು. ನಾನು ಕಟ್ಟೆಯ ಮೇಲೆ ಇಳಿದ ಕೂಡಲೇ ಬೇರೆ ಮಾತು ಬೇಡ, ಮೊದಲು ಅದೊಂದು ಹೇಳಿಬಿಡು.

ನಿನ್ನ
ಗಿಲ್ಬರ್ಟ್